ನಮ್ಮನ್ನೇ ಬೈಯುವ ಒಳದನಿಯನ್ನು ಸಮಾಧಾನ ಮಾಡುವುದು ಹೇಗೆ?

ರಾತ್ರಿ ಎರಡು ಗಂಟೆ. ಮನೆಯಲ್ಲಿ ಎಲ್ಲರಿಗೂ ಗಾಢ ನಿದ್ದೆ. ನಾನು ಮಾತ್ರ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಸಂಜೆ ಕಳಿಸಿದ್ದ ವರದಿಯಲ್ಲಿ 45 ಇರಬೇಕಾದ ಕಡೆ 54 ಎಂದು ಬರೆದಿದ್ದೆ. ಸಹೋದ್ಯೋಗಿಯೊಬ್ಬರು ಅದನ್ನು ಗಮನಿಸಿ, ‘ಇದೊಂದು ಸರಿ ಮಾಡಿಬಿಡಿ, ನಾಳೆ ಆದರೂ ಸಾಕು’ ಎಂದು ಮೆಸೇಜ್ ಹಾಕಿದ್ದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ನನ್ನ ತಲೆಯೊಳಗೆ ಆಗ ತಾನೇ ಶುರುವಾಗಿತ್ತು. ‘ಇಷ್ಟೂ ನೋಡಿಕೊಳ್ಳೋಕೆ ಆಗಲ್ವಾ ನಿನಗೆ? ಯಾವಾಗಲೂ ಇದೇ ಕಥೆ. ನಿನ್ನ ಯೋಗ್ಯತೆ ಏನು ಅಂತ ಇವತ್ತು ಎಲ್ಲರಿಗೂ ಗೊತ್ತಾಯಿತು.’

ಈ ದನಿ ನಿಮಗೂ ಪರಿಚಯ ಇರಬಹುದು. ಕೆಲವರೊಳಗೆ ಅದು ಗದರುತ್ತದೆ, ಕೆಲವರೊಳಗೆ ಮೆಲ್ಲಗೆ ಚುಚ್ಚುತ್ತದೆ. ಅದರ ಬಾಯಿ ಮುಚ್ಚಿಸಬೇಕೆಂದು ವರ್ಷಗಟ್ಟಲೆ ಜಗಳ ಆಡಿದ್ದೇನೆ. ಜಗಳ ಆಡಿದಷ್ಟೂ ಅದು ಜೋರಾಯಿತು. ತುಂಬಾ ತಡವಾಗಿ ಅರ್ಥವಾಗಿದ್ದು ಏನೆಂದರೆ, ಆ ದನಿ ಹೆದರಿಕೊಂಡಿದೆ. ಹೆದರಿದವರನ್ನು ಹೇಗೆ ಸಂತೈಸುತ್ತೇವೋ ಅದನ್ನೂ ಹಾಗೆಯೇ ಸಂತೈಸಬೇಕು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಇದನ್ನು ಸರಳವಾಗಿ ವಿವರಿಸುತ್ತಾರೆ. ನಮ್ಮೊಳಗೆ ಮೂರು ವ್ಯವಸ್ಥೆಗಳಿವೆ. ಒಂದು ಅಪಾಯ ಕಂಡರೆ ಎಚ್ಚರಿಸುತ್ತದೆ. ಇನ್ನೊಂದು ಬೇಕಾದ್ದರ ಹಿಂದೆ ಓಡಿಸುತ್ತದೆ. ಮೂರನೆಯದು ಮನಸ್ಸನ್ನು ತಣಿಸುತ್ತದೆ. ನಮ್ಮನ್ನು ನಾವೇ ಬೈದುಕೊಂಡಾಗ ಏಳುವುದು ಮೊದಲನೆಯದು. ಬೇರೆಯವರು ಗದರಿದಾಗ ಆಗುವ ಹಾಗೆಯೇ ಎದೆ ಬಡಿದುಕೊಳ್ಳುತ್ತದೆ, ಭುಜ ಬಿಗಿಯುತ್ತದೆ, ಹೊಟ್ಟೆ ಕಿವುಚುತ್ತದೆ. ಬೈಯುವವರೂ ನಾವೇ, ಬೈಸಿಕೊಳ್ಳುವವರೂ ನಾವೇ. ಹಾಗಾಗಿ ನಮ್ಮ ಕೆಲಸ ಮೂರನೆಯದನ್ನು ಎಬ್ಬಿಸುವುದು.

ಮೊದಲು ಮಾತನ್ನು ಹಿಡಿಯಿರಿ

ಒಂದೆರಡು ದಿನ ಸುಮ್ನೆ ಗಮನಿಸಿ. ಒಳದನಿ ಬೈದಾಗ ಅದರ ಮಾತನ್ನು ಹಾಗೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಿದ್ದಬೇಡಿ, ಸಭ್ಯ ಮಾಡಬೇಡಿ. ‘ನೀನು ಯಾವಾಗಲೂ ಎಲ್ಲಾ ಕೆಡಿಸ್ತೀಯ’ ಎಂದರೆ ಅಷ್ಟನ್ನೇ ಬರೆಯಿರಿ. ನನ್ನ ಚೀಟಿ ನೋಡಿದಾಗ ಆಶ್ಚರ್ಯವಾಯಿತು. ದಿನವಿಡೀ ಕೇಳಿಸುತ್ತಿದ್ದ ಬೈಗುಳವೆಲ್ಲ ನಾಲ್ಕೇ ವಾಕ್ಯಗಳಾಗಿದ್ದವು. ಅವೇ ತಿರುಗಿ ತಿರುಗಿ ಬರುತ್ತಿದ್ದವು.

ಪಕ್ಕದಲ್ಲಿ ಆಗ ಅನಿಸಿದ ಭಾವನೆಯ ಹೆಸರನ್ನೂ ಬರೆಯಿರಿ: ನಾಚಿಕೆ, ಭಯ, ಬೇಜಾರು. ಇದು ಚಿಕ್ಕ ಕೆಲಸ ಅನಿಸಬಹುದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು, ಭಯ ತೋರುವ ಮುಖಗಳ ಚಿತ್ರಗಳನ್ನು ಜನರಿಗೆ ತೋರಿಸಿದರು. ಆ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನಲ್ಲಿ ಭಯಕ್ಕೆ ಥಟ್ಟನೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿದಿತ್ತು.

ಮೈಯನ್ನು ತಣಿಸಿ

ಮೈ ಬಿಗಿದುಕೊಂಡಿರುವಾಗ ಒಳ್ಳೆಯ ಮಾತು ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಮೊದಲು ಉಸಿರು, ಆಮೇಲೆ ಮಾತು.

ಕುರ್ಚಿಯಲ್ಲೋ ನೆಲದ ಮೇಲೋ ಆರಾಮಾಗಿ ಕುಳಿತುಕೊಳ್ಳಿ. ಮಲಗಿದ್ದರೂ ನಡೆಯುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ ತೆಗೆದುಕೊಳ್ಳಿ. ಆರು ಎಣಿಸುತ್ತಾ ಹೊರಗೆ ಬಿಡಿ. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಹತ್ತು ಉಸಿರು ಸಾಕು. ಒಂದು ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಳ್ಳಿ. ಕೈಯ ಬಿಸಿ ಬಟ್ಟೆ ದಾಟಿ ಒಳಗೆ ಇಳಿಯುವುದನ್ನು ಗಮನಿಸಿ. ಅಳುವ ಮಗುವಿನ ಬೆನ್ನು ಸವರುವಾಗ ನಾವು ಮಾಡುವುದು ಇದನ್ನೇ ಅಲ್ವಾ?

ಕೆಲವರಿಗೆ ಉಸಿರನ್ನೇ ನೋಡುತ್ತಾ ಕುಳಿತರೆ ಗಾಬರಿ ಜಾಸ್ತಿಯಾಗುತ್ತದೆ. ಅಂಥವರು ಉಸಿರು ಬಿಟ್ಟುಬಿಡಿ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಹಿಮ್ಮಡಿ, ಬೆರಳು, ನೆಲದ ತಂಪು. ಅಷ್ಟಾದರೂ ಅದು ಧ್ಯಾನವೇ.

‘ನಿನಗೆ ಏನು ಭಯ?’ ಎಂದು ಕೇಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೆಚ್ಚಿನವರು ಇದನ್ನು ದಾಟಿ ನೇರವಾಗಿ ಒಳ್ಳೆಯ ಮಾತಿಗೆ ಹೋಗಿಬಿಡುತ್ತಾರೆ. ಆಗ ಒಳದನಿ ನಂಬುವುದಿಲ್ಲ. ತನ್ನ ಮಾತನ್ನು ಯಾರೂ ಕೇಳಲಿಲ್ಲ ಎಂದು ಇನ್ನಷ್ಟು ಕೂಗುತ್ತದೆ.

ಆ ರಾತ್ರಿ ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ಮನಸ್ಸಿನಲ್ಲೇ ಕೇಳಿದೆ: ‘ಬೈಯದೆ ಸುಮ್ಮನಿದ್ದರೆ ಏನಾಗುತ್ತದೆ ಎಂದು ನಿನ್ನ ಭಯ?’ ಮೊದಲಿಗೆ ಅದೇ ಹಳೆಯ ಬೈಗುಳ ಬಂತು. ಕಾದೆ. ಮತ್ತೆ ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಬೇರೆಯದೇ ಮಾತು ಬಂತು. ‘ನಾಳೆಯಿಂದ ನಿನ್ನನ್ನು ಯಾರೂ ನಂಬುವುದಿಲ್ಲ. ಕೆಲಸ ಕೊಡುವುದಿಲ್ಲ.’ ಇನ್ನೂ ಸ್ವಲ್ಪ ಕಾದೆ. ‘ಎಲ್ಲರೂ ದೂರ ಇಟ್ಟರೆ?’

ಅಷ್ಟು ಹೊತ್ತು ಎದುರು ನಿಂತು ಗದರುತ್ತಿದ್ದದ್ದು ಪಕ್ಕಕ್ಕೆ ಬಂದು ಕುಳಿತ ಹಾಗಾಯಿತು. ಅದಕ್ಕೆ ನನ್ನ ಮೇಲೆ ದ್ವೇಷ ಇರಲಿಲ್ಲ. ನಾನು ಒಂಟಿಯಾಗಬಾರದು ಎಂಬ ಆತಂಕ ಇತ್ತು. ನನ್ನನ್ನು ಕಾಯಲು ಅದಕ್ಕೆ ಗೊತ್ತಿದ್ದ ದಾರಿ ಬೈಯುವುದೊಂದೇ.

ನೀವು ಕೇಳಿದಾಗ ತಕ್ಷಣ ಉತ್ತರ ಬರದೆ ಇರಬಹುದು. ಬರದಿದ್ದರೆ ಎಳೆದಾಡಬೇಡಿ. ಕೇಳಿದ್ದೇ ದೊಡ್ಡದು.

ಈಗ ಉತ್ತರ ಕೊಡಿ

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಸ್ವ-ಕರುಣೆಯ ಬಗ್ಗೆ 2003ರಲ್ಲಿ ಬರೆದ ಪ್ರಬಂಧಗಳಲ್ಲಿ ಮೂರು ಅಂಶಗಳನ್ನು ಹೇಳಿದ್ದಾರೆ. ನೋವನ್ನು ಹಿಗ್ಗಿಸದೆ ಕುಗ್ಗಿಸದೆ ಇದ್ದ ಹಾಗೆ ನೋಡುವುದು, ಇದು ಮನುಷ್ಯರಿಗೆಲ್ಲ ಆಗುವಂಥದ್ದೇ ಎಂದು ನೆನಪಿಸಿಕೊಳ್ಳುವುದು, ತನ್ನೊಂದಿಗೆ ಮೃದುವಾಗಿರುವುದು. ಕೇಳಲು ಭಾರ ಅನಿಸಿದರೂ ಬಾಯಿಮಾತಿನಲ್ಲಿ ಮೂರೇ ವಾಕ್ಯ. ನಾನು ಹೇಳಿಕೊಂಡದ್ದು ಹೀಗೆ: ‘ನಿನಗೆ ನಾಚಿಕೆಯಾಗಿದೆ, ಹೌದು. ಅಂಕಿ ತಿರುವುಮುರುವು ಮಾಡಿದವರಲ್ಲಿ ನೀನೇ ಮೊದಲಲ್ಲ. ನಾಳೆ ಸರಿ ಮಾಡೋಣ, ಈಗ ಮಲಗು.’

‘ನಾನು’ ಎನ್ನದೆ ‘ನೀನು’ ಎಂದದ್ದು ಬೇಕೆಂದೇ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಜೊತೆಗಾರರ 2014ರ ಅಧ್ಯಯನಗಳಲ್ಲಿ, ಒತ್ತಡದ ಹೊತ್ತಿನಲ್ಲಿ ತಮ್ಮನ್ನು ಹೆಸರು ಹಿಡಿದೋ ‘ನೀನು’ ಎಂದೋ ಮಾತನಾಡಿಸಿಕೊಂಡವರು ‘ನಾನು’ ಎಂದುಕೊಂಡವರಿಗಿಂತ ಚೆನ್ನಾಗಿ ನಿಭಾಯಿಸಿದ್ದರು. ಸ್ವಲ್ಪ ದೂರ ನಿಂತು ನೋಡಿದ ಹಾಗೆ ಆಗುತ್ತದೆ.

ಸುಳ್ಳು ಹೊಗಳಿಕೆ ಮಾತ್ರ ಬೇಡ. ತಪ್ಪು ಮಾಡಿದ ರಾತ್ರಿ ‘ನೀನು ಅದ್ಭುತ’ ಎಂದುಕೊಂಡರೆ ಒಳದನಿಗೆ ಇನ್ನೊಂದು ಕಾರಣ ಸಿಕ್ಕ ಹಾಗೆ. ಮಾತು ಬರದಿದ್ದರೆ, ಇದೇ ತಪ್ಪನ್ನು ನಿಮ್ಮ ಆಪ್ತ ಗೆಳೆಯ ಮಾಡಿ ಫೋನ್ ಮಾಡಿದ್ದಾನೆ ಅಂದುಕೊಳ್ಳಿ. ಅವನಿಗೆ ಏನು ಹೇಳುತ್ತಿದ್ದಿರೋ ಅದನ್ನೇ ಹೇಳಿಕೊಳ್ಳಿ. ಅದೇ ದನಿಯಲ್ಲಿ.

‘ಹೀಗೆ ಮುದ್ದು ಮಾಡಿದರೆ ಸೋಮಾರಿ ಆಗಿಬಿಡ್ತೀನಿ’ ಎಂಬ ಅಳುಕು ಬಹಳ ಜನರಿಗಿದೆ. ನನಗೂ ಇತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಕಷ್ಟದ ಪರೀಕ್ಷೆ ಕೊಟ್ಟರು. ಆಮೇಲೆ ತಮ್ಮ ಬಗ್ಗೆ ಕರುಣೆ ಇಟ್ಟುಕೊಳ್ಳುವಂತೆ ಹೇಳಿಸಿಕೊಂಡವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಜಾಸ್ತಿ ಹೊತ್ತು ಓದಿದರು. ತಪ್ಪನ್ನು ನೋಡಲು ಭಯವಿಲ್ಲದಿದ್ದರೆ ತಿದ್ದುವುದು ಸುಲಭ.

ದಿನಾ ಐದು ನಿಮಿಷ

ಬೆಂಕಿ ಬಿದ್ದಾಗ ಬಾವಿ ತೋಡಲು ಆಗುವುದಿಲ್ಲ. ಮನಸ್ಸು ಸರಿ ಇರುವ ದಿನಗಳಲ್ಲೂ ಐದು ನಿಮಿಷ ಮೈತ್ರಿ ಧ್ಯಾನ ಮಾಡಿ. ಪಾಲಿಯಲ್ಲಿ ಇದನ್ನು ಮೆತ್ತಾ ಎನ್ನುತ್ತಾರೆ. ‘ಸುಖವಾಗಿರಲಿ, ಭಯವಿಲ್ಲದೆ ಇರಲಿ’ ಎಂದು ಮನಸ್ಸಿನಲ್ಲೇ ಹಾರೈಸುವುದಷ್ಟೇ. 5ನೇ ಶತಮಾನದ ಬೌದ್ಧ ವಿದ್ವಾಂಸ ಬುದ್ಧಘೋಷ ‘ವಿಸುದ್ಧಿಮಗ್ಗ’ ಎಂಬ ಗ್ರಂಥದಲ್ಲಿ ಈ ಹಾರೈಕೆಯನ್ನು ತನ್ನಿಂದಲೇ ಶುರು ಮಾಡಬೇಕು ಎನ್ನುತ್ತಾನೆ. ನಮ್ಮಲ್ಲಿ ಹಲವರಿಗೆ ಅದೇ ಕಷ್ಟ. ಹಾಗಿದ್ದರೆ ನೆನೆದ ಕೂಡಲೇ ಮುಖ ಅರಳಿಸುವ ಒಂದು ಮಗುವನ್ನೋ ಸಾಕುಪ್ರಾಣಿಯನ್ನೋ ಮೊದಲು ಹಾರೈಸಿ. ಎದೆ ಸ್ವಲ್ಪ ಸಡಿಲವಾದ ಮೇಲೆ ಅದರ ಪಕ್ಕದಲ್ಲಿ ನೀವೂ ನಿಂತುಕೊಳ್ಳಿ. ‘ನಾವಿಬ್ಬರೂ ಸುಖವಾಗಿರಲಿ.’

ಶುರುವಿನ ದಿನಗಳಲ್ಲಿ ಇದ್ದಕ್ಕಿದ್ದ ಹಾಗೆ ಅಳು ಬರಬಹುದು. ಏನೋ ತಪ್ಪಾಯಿತು ಎಂದು ಹೆದರಬೇಡಿ. ಮುಚ್ಚಿದ ಕೋಣೆಯೊಳಗೆ ಬೆಂಕಿ ಹೊಗೆಯಾಡುತ್ತಿರುವಾಗ ಬಾಗಿಲು ತೆರೆದರೆ ಗಾಳಿ ನುಗ್ಗಿ ಜ್ವಾಲೆ ಭಗ್ಗೆನ್ನುತ್ತದೆ. ನೆಫ್ ಜೊತೆ ಸ್ವ-ಕರುಣೆಯ ಎಂಟು ವಾರಗಳ ತರಬೇತಿ ರೂಪಿಸಿದ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಗರ್ಮರ್ ಈ ಅಳುವನ್ನು ಅದಕ್ಕೇ ಹೋಲಿಸುತ್ತಾರೆ. ಹಾಗಾದಾಗ ಕಣ್ಣು ತೆರೆಯಿರಿ, ನೀರು ಕುಡಿಯಿರಿ, ಆ ದಿನಕ್ಕೆ ಅಷ್ಟು ಸಾಕು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಒಳದನಿ ‘ನೀನು ಬದುಕಿರಬಾರದು’ ಎನ್ನುತ್ತಿದ್ದರೆ, ಊಟ ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಹಳೆಯ ಆಘಾತ ಕಣ್ಣಮುಂದೆ ಬರುತ್ತಿದ್ದರೆ ಧ್ಯಾನವನ್ನೇ ನಂಬಿ ಕೂರಬೇಡಿ. ಇವತ್ತೇ ನಂಬುವವರೊಬ್ಬರಿಗೆ ಹೇಳಿ, ಮನೋವೈದ್ಯರನ್ನು ಕಾಣಿರಿ.

ಮರುದಿನ ಬೆಳಿಗ್ಗೆ ವರದಿ ತೆರೆದೆ. 54 ಅಳಿಸಿ 45 ಬರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಕಳಿಸುವ ಮುಂಚೆ ಒಳದನಿ ಮತ್ತೆ ಬಂತು. ಈ ಸಲ ಅಂದದ್ದು ಇಷ್ಟೇ: ‘ಇನ್ನೊಂದು ಸಲ ನೋಡಿಬಿಡು.’ ನೋಡಿದೆ. ಸರಿಯಾಗಿತ್ತು. ಕಳಿಸಿದೆ.