ಎದುರಾಳಿ ಹತ್ತೇ ಮಂದಿ ಇರುವಾಗ ಪಾಸ್ ಹೇಗಿರಬೇಕು?

ಹಾಕಿ ಪಂದ್ಯದಲ್ಲಿ ಅಂಪೈರ್ ಹಸಿರು ಕಾರ್ಡ್ ತೋರಿಸಿದರೆ ತಪ್ಪು ಮಾಡಿದ ಆಟಗಾರ 2 ನಿಮಿಷ ಮೈದಾನದ ಹೊರಗೆ ಕೂರಬೇಕಾಗುತ್ತದೆ. ಹಳದಿ ಕಾರ್ಡಾದರೆ ಕನಿಷ್ಠ 5 ನಿಮಿಷ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹವ್ಯಾಸಿ ತಂಡಗಳು ಎದುರಾಳಿಗೆ ಒದಗುವ ಈ ಕೊರತೆಯನ್ನು ಬಳಸಿಕೊಳ್ಳದೆ ಹೋಗುವುದಕ್ಕೆ ಬಹುಮಟ್ಟಿಗೆ ಅವಸರವೇ ಕಾರಣ. ಚೆಂಡು ಸಿಕ್ಕವರು ಅದನ್ನು ನೇರವಾಗಿ ಗೋಲಿನ ಮುಂದಿನ ವೃತ್ತಕ್ಕೆ ಬೀಸಿ ಹೊಡೆಯುತ್ತಾರೆ. ಎದುರಾಳಿಗಳು ಗುಂಪುಗಟ್ಟಿ ಕಾದಿರುವುದೂ ಅಲ್ಲಿಯೇ.

ಐಸ್ ಹಾಕಿಯಲ್ಲಿ ಇಂಥ ಸಂದರ್ಭವನ್ನು ಪವರ್ ಪ್ಲೇ ಎನ್ನುತ್ತಾರೆ. ಅಲ್ಲಿ ಗೋಲ್‌ಕೀಪರ್ ಬಿಟ್ಟರೆ ಐವರ ಎದುರು ನಾಲ್ವರು ಉಳಿಯುತ್ತಾರೆ, ಅಂಕಣವೂ ಸುಮಾರು 60 ಮೀಟರ್ ಉದ್ದದ್ದು. ಹಾಗಾಗಿ ಹೆಚ್ಚುವರಿ ಆಟಗಾರನ ಪ್ರಭಾವ ತಕ್ಷಣವೇ ಕಾಣುತ್ತದೆ. ನಮ್ಮ ಹಾಕಿಯಲ್ಲಾದರೋ 91.4 ಮೀಟರ್ ಉದ್ದ, 55 ಮೀಟರ್ ಅಗಲದ ಮೈದಾನದಲ್ಲಿ ಗೋಲ್‌ಕೀಪರ್ ಬಿಟ್ಟು ಹತ್ತು ಮಂದಿಯ ಎದುರು ಒಂಬತ್ತು ಮಂದಿ ನಿಂತಿರುತ್ತಾರೆ. ಸುಮ್ಮನೆ ಆಡುತ್ತಾ ಹೋದರೆ ಆ ಒಬ್ಬನ ಕೊರತೆ ಯಾರಿಗೂ ತಿಳಿಯುವುದಿಲ್ಲ. ಮೈದಾನದ ಒಂದು ಭಾಗದಲ್ಲಿ ಇಬ್ಬರ ಎದುರು ಮೂವರು ಇರುವಂತೆ ನಾವೇ ಮಾಡಿಕೊಳ್ಳಬೇಕು. ಐಸ್ ಹಾಕಿಯಲ್ಲಿ ಸಣ್ಣ ಶಿಕ್ಷೆಯ ಅವಧಿಯಲ್ಲಿ ಗೋಲು ಬಂದರೆ ಹೊರಗಿದ್ದವನು ಒಳಗೆ ಬರುತ್ತಾನೆ. ನಮ್ಮಲ್ಲಿ ಗೋಲು ಬಂದರೂ ಶಿಕ್ಷೆಯ ಅವಧಿ ಮುಂದುವರಿಯುವುದರಿಂದ ಒಂದು ಗೋಲಿಗೆ ತೃಪ್ತರಾಗಬೇಕಾಗಿಲ್ಲ.

ಮೊದಲ ಕೆಲಸ, ಆಟ ಮತ್ತೆ ಶುರುವಾಗುವ ಮುನ್ನ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು. ಹತ್ತು ಮಂದಿಯ ತಂಡ ಸಾಮಾನ್ಯವಾಗಿ ತನ್ನ ಫಾರ್ವರ್ಡ್‌ಗಳನ್ನು ಹಿಂದಕ್ಕೆ ಕರೆಸಿಕೊಂಡು, ಒಬ್ಬನನ್ನು ಮಾತ್ರ ಮುಂದೆ ಬಿಡುತ್ತದೆ. ಅವನನ್ನು ಕಾಯಲು ಇಬ್ಬರು ಸಾಕು. ಉಳಿದ ಡಿಫೆಂಡರ್‌ಗಳಲ್ಲಿ ಒಬ್ಬರು ಮಧ್ಯಭಾಗಕ್ಕೆ ಏರಬಹುದು. ಹಿಂದೆ ಉಳಿಯುವ ಇಬ್ಬರಲ್ಲಿ ಒಬ್ಬರು ಚೆಂಡನ್ನು ಬದಿಯಿಂದ ಬದಿಗೆ ಸಾಗಿಸುವವರಾಗಿರಬೇಕು. ಪಕ್ಕದ ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಹಿರಿಯರೂ ಕಿರಿಯರೂ ಒಂದೇ ತಂಡದಲ್ಲಿ ಆಡುವಂತೆ ನಮ್ಮ ಹವ್ಯಾಸಿ ತಂಡಗಳಲ್ಲಿಯೂ ಎಲ್ಲ ವಯಸ್ಸಿನವರು ಇರುತ್ತಾರೆ. ಓಟ ತಗ್ಗಿದ್ದರೂ ಕೈ ಪಳಗಿರುವ ಹಿರಿಯರಿಗೆ ಈ ಸ್ಥಾನ ಹೇಳಿ ಮಾಡಿಸಿದ್ದು.

ಇನ್ನು ಚೆಂಡನ್ನು ಯಾವ ಬದಿಯಿಂದ ಯಾವ ಬದಿಗೆ ಸಾಗಿಸಬೇಕು ಎಂಬ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಎಡಬದಿಯಲ್ಲಿ ಆಡಿಸಿ ಬಲಬದಿಯಲ್ಲಿ ನುಗ್ಗುವುದೇ ಸರಿ. ಹಾಕಿ ಸ್ಟಿಕ್‌ನ ಒಂದು ಮುಖ ಮಾತ್ರ ಚಪ್ಪಟೆಯಾಗಿದ್ದು, ತನ್ನ ಎಡಗಡೆಯಿಂದ ಹಾದುಹೋಗುವ ಚೆಂಡನ್ನು ತಡೆಯಲು ಡಿಫೆಂಡರ್ ಸ್ಟಿಕ್ಕನ್ನು ತಿರುವಿ ಹಿಡಿಯಬೇಕಾಗುತ್ತದೆ. ಅವನ ಆ ದುರ್ಬಲ ಬದಿಯೇ ನಮ್ಮ ಬಲಬದಿ. ಆದ್ದರಿಂದ ಎಡಗಡೆಯ ಹಾಫ್ (ಡಿಫೆಂಡರ್ ಮತ್ತು ಫಾರ್ವರ್ಡ್‌ಗಳ ನಡುವೆ ಬದಿಯಲ್ಲಿ ಆಡುವವರು), ಮಧ್ಯದ ಆಟಗಾರ ಮತ್ತು ಫಾರ್ವರ್ಡ್ ಪರಸ್ಪರ ಎಂಟು ಹತ್ತು ಮೀಟರ್ ಅಂತರದಲ್ಲಿ ತ್ರಿಕೋನವಾಗಿ ನಿಂತು, ಮೂರು ನಾಲ್ಕು ಗಿಡ್ಡ ಪಾಸ್‌ಗಳನ್ನು ಆಡಬೇಕು. ಎದುರಾಳಿಗಳು ಆ ಕಡೆಗೆ ಸರಿದುದು ಖಚಿತವಾದೊಡನೆ ಚೆಂಡು ಹಿಂದಿರುವ ಹಿರಿಯರಿಗೆ, ಅವರಿಂದ ಒಂದೇ ಏಟಿಗೆ ಬಲಗಡೆಯ ಹಾಫ್‌ಗೆ ಹೋಗಬೇಕು. ಎದುರಾಳಿಗಳು ಸರಿಯದೆ ಇದ್ದರೆ ಎಡಗಡೆಯಲ್ಲಿಯೇ ಮೂವರ ಎದುರು ಇಬ್ಬರು ಉಳಿದಿರುತ್ತಾರೆ. ಆಗ ಅಲ್ಲಿಂದಲೇ ಮುನ್ನುಗ್ಗಬಹುದು.

ಟರ್ಫ್ ಮೇಲೆ ಈ ಬದಿ ಬದಲಾವಣೆಗೆ ಎರಡು ಪಾಸ್ ಸಾಕು. ಮಣ್ಣಿನ ಅಥವಾ ಹುಲ್ಲಿನ ಮೈದಾನದಲ್ಲಿ ಉದ್ದದ ಹೊಡೆತದಲ್ಲಿ ಚೆಂಡು ಪುಟಿದು ಸ್ಟಿಕ್ಕಿನ ಮೇಲಿನಿಂದ ಹಾರಿ ಹೋಗುವುದರಿಂದ ನಡುವೆ ಇನ್ನೊಬ್ಬರು ನಿಂತು, ಮೂರು ಪುಶ್‌ಗಳಲ್ಲಿ, ಅಂದರೆ ಸ್ಟಿಕ್ ಬೀಸದೆ ತಳ್ಳುತ್ತಾ, ಚೆಂಡನ್ನು ದಾಟಿಸುವುದು ಒಳ್ಳೆಯದು. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಆಡುವವರು ನೀರು ನಿಂತ ಜಾಗಗಳನ್ನು ಮೊದಲೇ ನೋಡಿಟ್ಟುಕೊಂಡಿರಬೇಕು.

ವೃತ್ತದ ಒಳಗಿನಿಂದ ಹೊಡೆದರೆ ಮಾತ್ರ ಗೋಲು. ಹಾಗೆಂದು ವೃತ್ತ ಸಿಕ್ಕಿದ ಕೂಡಲೇ ಹೊಡೆಯಬೇಕೆಂದಿಲ್ಲ. ಬಲಗಡೆಯಿಂದ ನುಗ್ಗಿದವರು ಗೋಲಿನ ಸಾಲಿನ ಹತ್ತಿರಕ್ಕೆ ಹೋಗಿ, ಹಿಂದಕ್ಕೆ ಓರೆಯಾಗಿ ಪಾಸ್ ಕೊಟ್ಟರೆ ಗೋಲ್‌ಕೀಪರ್ ಇಡೀ ಮೈ ತಿರುಗಿಸಬೇಕಾಗುತ್ತದೆ. ಆ ಹೊತ್ತಿಗೆ ಒಬ್ಬರು ದೂರದ ಕಂಬದ ಬಳಿ, ಇನ್ನೊಬ್ಬರು ಪೆನಾಲ್ಟಿ ಗುರುತಿನ ಬಳಿ ಇರಲೇಬೇಕು. 23 ಮೀಟರ್ ಗೆರೆಯ ಒಳಗೆ ಫ್ರೀ ಹಿಟ್ ದೊರೆತರೆ, ಚೆಂಡು 5 ಮೀಟರ್ ಸಾಗುವ ಅಥವಾ ಎದುರಾಳಿಗೆ ತಗಲುವ ಮುನ್ನ ವೃತ್ತದೊಳಗೆ ಹೋಗುವಂತಿಲ್ಲ ಎಂಬುದೂ ನೆನಪಿರಲಿ. ಪೆನಾಲ್ಟಿ ಕಾರ್ನರ್ (ಮುಖ್ಯವಾಗಿ ವೃತ್ತದೊಳಗಿನ ತಪ್ಪಿಗೆ ಸಿಗುವ, ಗೋಲಿನ ಸಾಲಿನಿಂದ ಚೆಂಡು ತಳ್ಳಿ ಆರಂಭಿಸುವ ಅವಕಾಶ) ಗಳಿಸುವುದೇ ಗುರಿಯಾಗಬಾರದು ಎನ್ನುವುದಕ್ಕೆ ಕಾರಣವಿದೆ: ಅದನ್ನು ತಡೆಯಲು ನಿಯಮದ ಪ್ರಕಾರ ನಿಲ್ಲುವವರು ಗೋಲ್‌ಕೀಪರ್ ಸೇರಿ ಐವರೇ ಆದ್ದರಿಂದ, ತಂಡದಲ್ಲಿ ಒಬ್ಬರು ಕಡಿಮೆಯಿದ್ದರೂ ಆ ಕ್ಷಣಕ್ಕೆ ಅವರಿಗೆ ಯಾವ ನಷ್ಟವೂ ಇಲ್ಲ.

ಅಭ್ಯಾಸಕ್ಕೆ ಅರ್ಧ ಮೈದಾನ ಸಾಕಾಗುತ್ತದೆ. ಆರು ಮಂದಿಯ ಎದುರು ಐವರನ್ನು ನಿಲ್ಲಿಸಿ, ಯಾರೂ ಚೆಂಡನ್ನು ಮೂರಕ್ಕಿಂತ ಹೆಚ್ಚು ಸಲ ಮುಟ್ಟಬಾರದೆಂದು ನಿಯಮ ಮಾಡಿ, ಮೊಬೈಲ್‌ನಲ್ಲಿ 2 ನಿಮಿಷ ಇಟ್ಟು ಆಡಿಸಿ. ಹೊರಗಿರುವವರೊಬ್ಬರು ಕೊನೆಯ 15 ಸೆಕೆಂಡು ಉಳಿದಿದೆ ಎಂದು ಕೂಗಿ ಹೇಳಬೇಕು. ಆ ಕೂಗು ಕೇಳಿದೊಡನೆ, ಮುಂದಕ್ಕೆ ಏರಿದ್ದ ಡಿಫೆಂಡರ್ ಚೆಂಡು ಎಲ್ಲಿಯೇ ಇರಲಿ ತನ್ನ ಸ್ಥಾನಕ್ಕೆ ಹಿಂತಿರುಗಬೇಕು, ಏಕೆಂದರೆ ಶಿಕ್ಷೆ ಮುಗಿಸಿದ ಆಟಗಾರ ಮಧ್ಯರೇಖೆಯ ಬಳಿಯಿಂದ ದಣಿವಿಲ್ಲದ ಕಾಲುಗಳೊಂದಿಗೆ ಒಳಗೆ ಬರುತ್ತಾನೆ.