ರಿಮೋಟ್ ಡೆಸ್ಕ್‌ಟಾಪ್ ಸರ್ವರ್: ಪ್ರಮಾಣಪತ್ರದ ತಕರಾರು ಬಗೆಹರಿಸುವುದು ಹೇಗೆ?

ದೂರದ ಕಂಪ್ಯೂಟರನ್ನು ನಮ್ಮ ಪರದೆಯಲ್ಲೇ ಬಳಸಲು ನೆರವಾಗುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ವಿಂಡೋಸ್ ಸರ್ವರ್‌ಗೆ ಪ್ರವೇಶಿಸುವಾಗ, ಆ ಕಂಪ್ಯೂಟರಿನ ಗುರುತು ಖಚಿತವಾಗಿಲ್ಲ ಎಂಬ ಎಚ್ಚರಿಕೆ ಬಂದರೆ ಬಹಳಷ್ಟು ಮಂದಿ ಅದನ್ನು ಓದದೆ ‘ಯೆಸ್’ ಒತ್ತಿ ಮುಂದುವರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ವರ್‌ನ ಸೋಗು ಹಾಕಿ ನಡುವೆ ಪಾಸ್‌ವರ್ಡ್ ಕದಿಯಲು ಹೊಂಚು ಹಾಕಿದವರಿದ್ದರೂ ಕಾಣಿಸುವುದು ಇದೇ ಎಚ್ಚರಿಕೆ. ದೋಷ ಎಲ್ಲಿದೆ ಎಂಬ ಸುಳಿವೂ ಅದೇ ಕಿಟಕಿಯಲ್ಲಿರುತ್ತದೆ.

ಮೊದಲು ಅಲ್ಲಿ ಕೊಟ್ಟಿರುವ ಕಾರಣವನ್ನು ಓದಿ, ‘ವ್ಯೂ ಸರ್ಟಿಫಿಕೇಟ್’ ಒತ್ತಿ ಪ್ರಮಾಣಪತ್ರವನ್ನು, ಅಂದರೆ ಸರ್ವರ್‌ನ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ದಾಖಲೆಯನ್ನು, ತೆರೆಯಿರಿ. ಹೆಸರು ಹೊಂದಿಕೆಯಾಗುತ್ತಿಲ್ಲ ಎಂದಿದ್ದರೆ, ನೀವು ಐಪಿ ವಿಳಾಸವನ್ನೋ ಚುಟುಕು ಹೆಸರನ್ನೋ ಟೈಪ್ ಮಾಡಿರಬಹುದು. ಪತ್ರದಲ್ಲಿರುವ ಪೂರ್ಣ ಹೆಸರನ್ನೇ ಬಳಸಿ ನೋಡಿ. ಅವಧಿ ಮುಗಿದಿದೆ ಎಂದಿದ್ದರೆ, ಹೊಸ ಪತ್ರಕ್ಕೆ ಓಡುವ ಮುನ್ನ ಎರಡೂ ಕಡೆಯ ಗಡಿಯಾರ ಸರಿಯಿದೆಯೇ ಎಂದು ನೋಡಿ.

ಪತ್ರ ಕೊಟ್ಟವರ ಮೇಲೆ ನಂಬಿಕೆಯಿಲ್ಲ ಎಂಬ ಕಾರಣವೇ ಹೆಚ್ಚಾಗಿ ಎದುರಾಗುವಂಥದ್ದು. ಬೇರೇನೂ ಅಳವಡಿಸದಿದ್ದರೆ ವಿಂಡೋಸ್ ತನಗೆ ತಾನೇ ಸಹಿ ಮಾಡಿಕೊಂಡ, ಸುಮಾರು 6 ತಿಂಗಳ ಅವಧಿಯ ಪತ್ರವನ್ನು ಬಳಸುತ್ತದೆ ಮತ್ತು ಅವಧಿ ಮುಗಿದಾಗ ತಾನೇ ಹೊಸದನ್ನು ಸೃಷ್ಟಿಸಿಕೊಳ್ಳುತ್ತದೆ. ಅದನ್ನು ಬಳಕೆದಾರರ ಕಂಪ್ಯೂಟರ್‌ಗಳಿಗೆಲ್ಲ ಕೈಯಾರೆ ಸೇರಿಸಿದರೆ ಮುಂದಿನ ನವೀಕರಣದ ಹೊತ್ತಿಗೆ ಆ ಶ್ರಮವೆಲ್ಲ ವ್ಯರ್ಥ. ಡೊಮೇನ್ (ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಕಡೆಯಿಂದ ನಿರ್ವಹಿಸುವ ಜಾಲ) ಇರುವ ಸಂಸ್ಥೆಯಲ್ಲಿ, ಪತ್ರಗಳಿಗೆ ಸಹಿ ಹಾಕಿ ಕೊಡುವ ಸ್ವಂತ ಪ್ರಮಾಣಪತ್ರ ಪ್ರಾಧಿಕಾರವನ್ನು ಸ್ಥಾಪಿಸಿ, ಆ ಕಂಪ್ಯೂಟರ್‌ಗಳಿಗೆಲ್ಲ ಒಟ್ಟಿಗೇ ಸೆಟ್ಟಿಂಗ್ ಕಳುಹಿಸುವ ಗ್ರೂಪ್ ಪಾಲಿಸಿಯ ಮೂಲಕ ಪತ್ರ ಹಂಚುವುದೇ ಸರಿಯಾದ ದಾರಿ. ‘ಡಾಟ್ ಲೋಕಲ್’ ಎಂದು ಕೊನೆಗೊಳ್ಳುವ ಒಳಜಾಲದ ಹೆಸರುಗಳಿಗಂತೂ ಬೇರೆ ದಾರಿಯಿಲ್ಲ. ಸಾರ್ವಜನಿಕ ಪ್ರಾಧಿಕಾರಗಳು 2015ರ ನವೆಂಬರ್‌ನಿಂದ ಅಂಥ ಹೆಸರುಗಳಿಗೆ ಪತ್ರ ಕೊಡುತ್ತಿಲ್ಲ.

ಎಚ್ಚರಿಕೆಯೂ ಬಾರದೆ ಸಂಪರ್ಕ ಥಟ್ಟನೆ ಕಡಿದುಹೋಗುವುದು ಇದಕ್ಕಿಂತ ತೊಡಕಿನ ಸಮಸ್ಯೆ. ಆಗ ಸರ್ವರ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್‌ನಲ್ಲಿ 36870, 1057 ಅಥವಾ 1058 ಸಂಖ್ಯೆಯ ದಾಖಲೆಗಳಿವೆಯೇ ಎಂದು ಹುಡುಕಿ. 36870 ಇದ್ದರೆ ಪತ್ರದ ಖಾಸಗಿ ಕೀಲಿಯನ್ನು (ಪತ್ರಕ್ಕೆ ಜೋಡಿಯಾಗಿ ಸರ್ವರ್‌ನಲ್ಲೇ ಇರುವ ರಹಸ್ಯ ಸಂಕೇತ) ಓದಲಾಗುತ್ತಿಲ್ಲ ಎಂದರ್ಥ. ಉಳಿದೆರಡು, ಸ್ವಸಹಿಯ ಪತ್ರವನ್ನು ಸೃಷ್ಟಿಸಲು ಅಥವಾ ಬದಲಿಸಲು ಆಗಲಿಲ್ಲ ಎಂದು ತಿಳಿಸುತ್ತವೆ. ರಿಮೋಟ್ ಡೆಸ್ಕ್‌ಟಾಪ್ ಸೇವೆ ‘ನೆಟ್‌ವರ್ಕ್ ಸರ್ವಿಸ್’ ಎಂಬ ಖಾತೆಯಡಿ ಕೆಲಸ ಮಾಡುವುದರಿಂದ, ಕೀಲಿಯನ್ನು ಓದುವ ಅನುಮತಿ ಆ ಖಾತೆಗೆ ಇರಲೇಬೇಕು. ನೀವೇ ಅಳವಡಿಸಿದ ಪತ್ರವಾದರೆ, ಲೋಕಲ್ ಕಂಪ್ಯೂಟರ್‌ನ ಸರ್ಟಿಫಿಕೇಟ್ ಪಟ್ಟಿಯಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಆಲ್ ಟಾಸ್ಕ್ಸ್’ ಅಡಿಯ ‘ಮ್ಯಾನೇಜ್ ಪ್ರೈವೇಟ್ ಕೀಸ್’ ಮೂಲಕ ಓದುವ ಅನುಮತಿ ಕೊಡಿ. ಸ್ವಸಹಿಯ ಪತ್ರವಾದರೆ, ‘ಮಷೀನ್‌ಕೀಸ್’ ಫೋಲ್ಡರ್‌ನಲ್ಲಿ ‘ಎಫ್686’ ಎಂದು ಆರಂಭವಾಗುವ ಕಡತದ ಹೆಸರು ಬದಲಿಸಿ ಸೇವೆಯನ್ನು ಮರುಆರಂಭಿಸಿದರೆ ಹೊಸ ಕೀಲಿ ತಯಾರಾಗುತ್ತದೆ. ಇಡೀ ಫೋಲ್ಡರ್‌ಗೆ ಮಾತ್ರ ಕೈಹಾಕಬೇಡಿ. ಇತರ ಸೇವೆಗಳ ಕೀಲಿಗಳೂ ಅಲ್ಲಿಯೇ ಇರುತ್ತವೆ. ಮರುಆರಂಭದ ವೇಳೆ ಸಂಪರ್ಕ ತಪ್ಪುವುದರಿಂದ, ಕನ್ಸೋಲ್ ಮೂಲಕ, ಅಂದರೆ ರಿಮೋಟ್ ಡೆಸ್ಕ್‌ಟಾಪ್ ಇಲ್ಲದೆ ನೇರವಾಗಿ, ಸರ್ವರ್ ತಲುಪುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಿ.

ಹೊಸ ಪತ್ರ ಹಾಕಿದರೂ ಹಳೆಯದೇ ಕಾಣುತ್ತಿದ್ದರೆ, ಸೇವೆಗೆ ಹೊಸ ಪತ್ರದ ಥಂಬ್‌ಪ್ರಿಂಟ್ (ಆ ಪತ್ರವನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು) ಒಪ್ಪಿಸಿಲ್ಲವೆಂದು ತಿಳಿಯಬಹುದು. ಅದನ್ನು ಪತ್ರದ ಕಿಟಕಿಯಿಂದ ನಕಲಿಸುವಾಗ ಆರಂಭದಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿಕೊಂಡು ಬರುವುದುಂಟು. ಹಾಗಾಗಿ ವಿಂಡೋಸ್‌ನ ಆದೇಶ ಸಾಧನವಾದ ಪವರ್‌ಶೆಲ್‌ನಿಂದ ಪಡೆದುಕೊಳ್ಳುವುದು ಲೇಸು. ಗೇಟ್‌ವೇ (ಹೊರಗಿನಿಂದ ಬರುವ ದಾರಿ), ವೆಬ್ ಆ್ಯಕ್ಸೆಸ್ (ಬ್ರೌಸರ್ ಮೂಲಕ ಪ್ರವೇಶ), ಕನೆಕ್ಷನ್ ಬ್ರೋಕರ್‌ (ಸಂಪರ್ಕಗಳನ್ನು ಸರ್ವರ್‌ಗಳಿಗೆ ಹಂಚುವ ಸೇವೆ) ಇರುವ ದೊಡ್ಡ ವ್ಯವಸ್ಥೆಯಲ್ಲಿ ಇಂಥ ಪ್ರತಿ ಪಾತ್ರಕ್ಕೂ (ರೋಲ್) ಪತ್ರವನ್ನು ಪ್ರತ್ಯೇಕವಾಗಿ ನವೀಕರಿಸಬೇಕು.

ಪರೀಕ್ಷೆಗೆ, ಈ ಸರ್ವರ್‌ಗೆ ಹಿಂದೆಂದೂ ಸಂಪರ್ಕಿಸದ ಕಂಪ್ಯೂಟರನ್ನೇ ಆರಿಸಿಕೊಳ್ಳಿ. ‘ಮತ್ತೆ ಕೇಳಬೇಡ’ ಎಂದು ಎಂದೋ ಗುರುತು ಹಾಕಿದ ಕಂಪ್ಯೂಟರ್ ಆ ಒಪ್ಪಿಗೆಯನ್ನು ನೆನಪಿಟ್ಟುಕೊಂಡಿರುವುದರಿಂದ, ದೋಷ ಹಾಗೆಯೇ ಉಳಿದಿದ್ದರೂ ಎಚ್ಚರಿಕೆ ತೋರಿಸದೆ ಸುಮ್ಮನಿರಬಹುದು.