ಡೆವಲಪ್‌ಮೆಂಟ್ ಸ್ಟಡೀಸ್ ಓದೋಕೆ ಹೊರಡುವ ಮಲೆನಾಡಿನವರಿಗೆ

ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್‌ನಲ್ಲಿ ಎಂಎ ಅಂದರೆ ಏನು ಅಂತ ನಮ್ಮಪ್ಪ ಕೇಳಿದ್ದರು. ಅಣೆಕಟ್ಟು ಕಟ್ಟಿದರೆ ಯಾರಿಗೆ ಕರೆಂಟ್ ಬರುತ್ತದೆ, ಯಾರ ಮನೆ ಮುಳುಗುತ್ತದೆ, ಅದನ್ನು ತೀರ್ಮಾನ ಮಾಡೋರು ಯಾರು, ಇದನ್ನೆಲ್ಲ ಓದುವ ಕೋರ್ಸ್ ಅಂದೆ. ಮತ್ತೆ ಕೇಳಲಿಲ್ಲ. ಅಜ್ಜನ ಮನೆ ಇರೋದು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿ.

ಈಗ ಸಾಗರ, ಹೊಸನಗರದ ಕಡೆಯ ಹುಡುಗರು ಅರ್ಜಿ ತಂದು ತೋರಿಸುತ್ತಾರೆ. ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಈ ಕೋರ್ಸ್ ಯಾಕೆ ಬೇಕು ಅಂತ ಬರೆಯುವ ಪತ್ರ, ಅದರ ಮೊದಲ ಸಾಲು ಹೆಚ್ಚುಕಮ್ಮಿ ಒಂದೇ: 'ಬಡತನವಿಲ್ಲದ ಜಗತ್ತು ಕಟ್ಟುವುದು ನನ್ನ ಬಾಲ್ಯದ ಕನಸು.' ದಯವಿಟ್ಟು ಇದನ್ನು ಹೊಡೆದು ಹಾಕಿ. ಆಯ್ಕೆ ಮಾಡೋರು ಇಂಥದ್ದನ್ನು ರಾಶಿಗಟ್ಟಲೆ ಓದಿರುತ್ತಾರೆ. ಬದಲಿಗೆ ನಿಮ್ಮ ತಾಲ್ಲೂಕಿನ ಒಂದು ಪ್ರಶ್ನೆ ಹಿಡಿಯಿರಿ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ಅದನ್ನು ದಾಟಲು ಸೇತುವೆ ಸಿಕ್ಕಿದ್ದು 2025ರಲ್ಲಿ. ಅಲ್ಲಿವರೆಗೂ ಹೆರಿಗೆ ನೋವು ಬಂದವರೂ ಲಾಂಚ್‌ಗೆ ಕಾಯಬೇಕಿತ್ತು. ಯಾಕಿಷ್ಟು ತಡ? ಮುಳುಗಡೆಯಾದ ಎಷ್ಟೋ ಮನೆಯವರಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ, ಯಾಕೆ? ಇದನ್ನು ನಾಲ್ಕು ಸಾಲಲ್ಲಿ ಬರೆಯಿರಿ. ಆಮೇಲೆ ನೀವು ಏನು ಕೆಲಸ ಮಾಡಿದ್ದೀರಿ, ಎಲ್ಲಿ ಉತ್ತರ ಸಿಗದೆ ನಿಂತಿರಿ, ಆ ಕೋರ್ಸಿನ ಯಾವ ಪೇಪರ್ ಅದಕ್ಕೆ ಬೇಕು ಅಂತ ಹೇಳಿ. ಪೇಪರ್ ಹೆಸರು ಸಮೇತ.

ಹಾಗೆ ಬರೆಯೋಕೆ ಕೆಲಸ ಮಾಡಿರಬೇಕು, ಅಲ್ವಾ? ಡಿಗ್ರಿ ಮುಗಿದ ಕೂಡಲೆ ಹೋಗಬೇಡಿ ಅನ್ನೋದು ಅದಕ್ಕೇ. ನಾನು ಮೊದಲು ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡಿದೆ. ಒಂದು ಹಳ್ಳಿಯಲ್ಲಿ ಅಂಗಳ ಸಾರಿಸಿ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದೆವು. ಗಂಡಸರು ರಸ್ತೆ, ದೇವಸ್ಥಾನ, ಸೊಸೈಟಿ ಬರೆದು ಕೈ ಒರೆಸಿಕೊಂಡರು. ಹೆಂಗಸರು ಕೂತು ಬಾವಿ, ಸೊಪ್ಪಿನಬೆಟ್ಟ, ಸೌದೆ ತರುವ ಕಾಲುದಾರಿ ಎಲ್ಲ ಸೇರಿಸಿದರು. ಒಬ್ಬ ಅಜ್ಜಿ ಅಡಿಕೆ ಸಿಪ್ಪೆ ಇಟ್ಟು, ಮಂಗ ಸತ್ತಿದ್ದ ಜಾಗ ತೋರಿಸಿದರು. ಮಂಗನ ಕಾಯಿಲೆಯ ಹೆದರಿಕೆ ಇರುವ ಊರಲ್ಲಿ ಆ ಗುರುತು ಎಲ್ಲಕ್ಕಿಂತ ಮುಖ್ಯ. ಊರಿನವರೇ ಸೇರಿ ತಮ್ಮ ಊರನ್ನು ಅರಿಯುವ ಈ ವಿಧಾನಕ್ಕೆ ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್) ಅನ್ನುತ್ತಾರೆ. ಇದನ್ನು ಜಗತ್ತಿಗೆಲ್ಲ ಪರಿಚಯಿಸಿದವರಲ್ಲಿ ರಾಬರ್ಟ್ ಚೇಂಬರ್ಸ್ ಮುಖ್ಯರು. ಅವರಿದ್ದ ಐಡಿಎಸ್ (ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್) ಇರೋದು ಇಂಗ್ಲೆಂಡಿನ ಬ್ರೈಟನ್ ಹತ್ತಿರ, ಸಸೆಕ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ. ನಾನು ಓದಿದ್ದೂ ಅಲ್ಲೇ. ತರಗತಿಯಲ್ಲಿ ಎಲ್ಲರೂ ಪಿಆರ್‌ಎ ಹೊಗಳುತ್ತಿದ್ದಾಗ, ನಕ್ಷೆಯನ್ನು ಹಾಳೆಗೆ ಇಳಿಸಿದ ಮೇಲೆ ಆ ಹಾಳೆ ಯಾರ ಕಪಾಟಿಗೆ ಹೋಗುತ್ತದೆ ಅಂತ ಕೇಳೋಕೆ ನನಗೆ ಧೈರ್ಯ ಬಂದಿದ್ದು ಆ ಅಂಗಳದಿಂದಲೇ.

ದುಡ್ಡಿನ ವಿಷಯ. ಬ್ರಿಟನ್‌ನಲ್ಲಿ ಕೋರ್ಸ್ ಒಂದೇ ವರ್ಷ. ಆದರೆ ಹೊರದೇಶದವರಿಗೆ ಫೀಸೇ ಸಾಮಾನ್ಯವಾಗಿ 20 ಸಾವಿರ ಪೌಂಡ್ ದಾಟುತ್ತದೆ. ತೋಟ ಅಡ ಇಟ್ಟು ಹೋಗಬೇಡಿ. ಈ ಕ್ಷೇತ್ರದ ಸಂಬಳದಲ್ಲಿ ಆ ಸಾಲ ತೀರಿಸೋದು ಕಷ್ಟ, ಅದರ ಮೇಲೆ ಅಡಿಕೆಗೆ ಎಲೆಚುಕ್ಕೆ ರೋಗ ಬೇರೆ. ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಹೊರಡಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಓದಿದ ಮೇಲೆ ಭಾರತಕ್ಕೆ ಮರಳಿ ಕನಿಷ್ಠ ಎರಡು ವರ್ಷ ಇರಬೇಕು. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತದೆ. ಯುರೋಪಿನ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಯೋಜನೆಯಲ್ಲಿ ಗ್ಲೋಡೆಪ್ ಅಂತ ಒಂದು ಕೋರ್ಸ್ ಇದೆ. ಚೆಕ್ ದೇಶದ ಒಲೊಮೌಟ್ಸ್, ಫ್ರಾನ್ಸ್‌ನ ಕ್ಲೆರ್ಮಾಂಟ್, ಇಟಲಿಯ ಪಾವಿಯಾ, ಮೂರೂ ಕಡೆ ಓದು. ಪರಿಶಿಷ್ಟ ಜಾತಿಯವರು, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಲೇಬೇಕು. ಒಂದು ಎಚ್ಚರಿಕೆ: ಭಾರತದ ಸಮಾಜ, ಇತಿಹಾಸ, ಸಂಸ್ಕೃತಿ ಕುರಿತ ಸಂಶೋಧನೆಗೆ ದುಡ್ಡಿಲ್ಲ ಅಂತ 2022ರ ನಿಯಮಗಳಲ್ಲಿ ಸೇರಿಸಿದ್ದರು. ನೀವು ಅರ್ಜಿ ಹಾಕುವ ವರ್ಷದ ನಿಯಮ ಪೂರ್ತಿ ಓದಿಕೊಂಡೇ ವಿಷಯ ಬರೆಯಿರಿ.

ವಿದೇಶಕ್ಕೇ ಹೋಗಬೇಕು ಅಂತೇನಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಡೆವಲಪ್‌ಮೆಂಟ್ ಎಂಎ ಇದೆ, ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಕರ್ನಾಟಕದಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ನನ್ನ ವೋಟು ಅದಕ್ಕೇ.

ಓದು ಶುರುವಾದ ಮೇಲೆ ಭಯ ಬೀಳಿಸೋದು ಓದಬೇಕಾದ ಲೇಖನಗಳ ಪಟ್ಟಿ. ಎಲ್ಲವನ್ನೂ ಓದೋಕೆ ಯಾರಿಗೂ ಆಗಲ್ಲ. ಪೀಠಿಕೆ, ಕೊನೆಯ ಭಾಗ ಓದಿ, ಲೇಖಕರ ವಾದವನ್ನು ಎರಡು ಸಾಲು ಕನ್ನಡದಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ಬರೆಯೋಕೆ ಬರಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ, ಮತ್ತೆ ಓದಿ. ಅಮರ್ತ್ಯ ಸೇನ್ ಅವರ ಸಾಮರ್ಥ್ಯದ ವಾದವನ್ನು ನಾನು ಹಿಡಿದಿದ್ದು ಹೀಗೆ: ಕೈಗೆ ದುಡ್ಡು ಬಂದರಷ್ಟೇ ಸಾಲದು, ಬೇಕಾದ ಹಾಗೆ ಬಾಳೋಕೆ ಸಾಧ್ಯವಾಗಬೇಕು. ತುಮರಿಯಲ್ಲಿ ಒಳ್ಳೆ ತೋಟ ಇದ್ದವರೂ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗೋಕೆ ಆಗುತ್ತಿರಲಿಲ್ಲವಲ್ಲ.

ಡಿಸರ್ಟೇಶನ್‌ಗೆ, ಅಂದರೆ ಕೋರ್ಸಿನ ಕೊನೆಯ ಸಂಶೋಧನಾ ಪ್ರಬಂಧಕ್ಕೆ, ವಿಷಯ ಚಿಕ್ಕದಿರಲಿ. 'ಮಲೆನಾಡಿನ ಅಭಿವೃದ್ಧಿ' ಅಂತ ಹೋದರೆ ಗೈಡ್ ಅಲ್ಲೇ ತಡೆಯುತ್ತಾರೆ. ಒಂದು ಪಂಚಾಯಿತಿಯ ಬಗರ್ ಹುಕುಂ ಅರ್ಜಿಗಳು ಅಂದರೆ ಒಪ್ಪುತ್ತಾರೆ. ಊರಿಗೆ ಬಂದು ಮಾಹಿತಿ ತರೋದಾದರೆ ವಿಶ್ವವಿದ್ಯಾಲಯದ ಎಥಿಕ್ಸ್ ಒಪ್ಪಿಗೆ ಮೊದಲೇ ಪಡೆಯಿರಿ. ನೆಂಟರೇ ಆದರೂ ಸಂದರ್ಶನಕ್ಕೆ ಅವರ ಒಪ್ಪಿಗೆ ಬೇಕು. ದೊಡ್ಡಮ್ಮನ ಹತ್ತಿರ ಸಹಿ ಕೇಳಿದಾಗ, ಜಮೀನು ಬರೆಸಿಕೊಳ್ಳೋಕೆ ಬಂದೆಯೇನೇ ಅಂದಿದ್ದರು!

ಇನ್ನೊಂದು. ಕುವೆಂಪು ವಿವಿಯಲ್ಲಿ ಡಿಗ್ರಿ ಮಾಡಿದವರು ಟ್ರಾನ್ಸ್‌ಕ್ರಿಪ್ಟ್‌ಗೆ (ಅಧಿಕೃತ ಅಂಕಗಳ ದಾಖಲೆ) ಜೂನ್, ಜುಲೈಯಲ್ಲೇ ಶಂಕರಘಟ್ಟಕ್ಕೆ ಹೋಗಿ ಬನ್ನಿ. ರೆಫರೆನ್ಸ್ ಕೊಡುವ ಮೇಷ್ಟ್ರಿಗೂ ಅವತ್ತೇ ಹೇಳಿಬಿಡಿ. ನಿಮ್ಮ ಕೆಲಸದ ವಿವರ ಒಂದು ಪುಟ ಬರೆದು ಕೊಟ್ಟರೆ ಅವರಿಗೂ ಸುಲಭ.